ಬಿಲ್ಲಿಗೆ ತಕ್ಕ ಕೋಲು: ಸುರಪುರ ಸೀಮೆಯ ಬೇಡ ಪರಂಪರೆ ಮತ್ತು ಬಾಣದ ಬಳುಕಿನ ತಿಳಿವಳಿಕೆ

ಕರ್ನಾಟಕದ ಆಯುಧ ಪರಂಪರೆಯನ್ನು ಕುರಿತ ಬರವಣಿಗೆಯಲ್ಲಿ ಕತ್ತಿ, ಗುರಾಣಿ, ಈಟಿ, ಬಂದೂಕು, ಫಿರಂಗಿಗಳಿಗೆ ಸಂದಿರುವ ಗಮನ ಬಾಣಕ್ಕೆ ಅಷ್ಟಾಗಿ ಸಂದಿಲ್ಲ. ಇದಕ್ಕೆ ಸಹಜವಾದ ಕಾರಣವೂ ಇದೆ. ಲೋಹದ ಆಯುಧಗಳು ಅರಮನೆ, ಮಠ, ಮನೆತನಗಳಲ್ಲಿ ಪೂಜೆಗೊಳ್ಳುತ್ತ ಉಳಿದು ಬಂದವು. ಬಿದಿರಿನ, ಜೊಂಡಿನ, ಮರದ ಬಾಣವಾದರೋ ಗೆದ್ದಲಿಗೂ ತೇವಕ್ಕೂ ತುತ್ತಾಗಿ ಅದರ ಕಬ್ಬಿಣದ ಅಲಗು ಮಾತ್ರ ಉಳಿಯಿತು. ಹೀಗಾಗಿ ಅಲಗಿನ ಆಕಾರವನ್ನು ಕುರಿತು ವಿವರವಾಗಿ ಹೇಳಬಲ್ಲ ವಿದ್ವತ್ತು, ಆ ಅಲಗನ್ನು ಹೊತ್ತ ಕೋಲಿನ ವಿಷಯದಲ್ಲಿ ಮೌನವಾಗಿದೆ. ಆದರೆ ಬಿಲ್ಲುಗಾರಿಕೆಯ ನಿಜವಾದ ಸೂಕ್ಷ್ಮವಿರುವುದು ಈ ಕೋಲಿನಲ್ಲಿ. ಅದರಲ್ಲಿಯೂ ಕೋಲು ಎಷ್ಟು ಬಾಗುತ್ತದೆ, ಎಷ್ಟು ಬೇಗ ನೆಟ್ಟಗಾಗುತ್ತದೆ ಎಂಬುದರಲ್ಲಿ. ಈ ಗುಣವನ್ನು ಪ್ರಸ್ತುತ ಲೇಖನದಲ್ಲಿ ‘ಬಳುಕು’ ಎಂದೂ ಅದರ ವಿರುದ್ಧ ಗುಣವನ್ನು ‘ಗಡಸು’ ಎಂದೂ ಕರೆಯಲಾಗಿದೆ. ಯಾದಗಿರಿ, ಶಹಾಪುರ, ಸುರಪುರ, ಗುರುಮಠಕಲ್ ಸೀಮೆಯ ಬೇಡ ಪರಂಪರೆಯನ್ನು ನೆಲೆಯಾಗಿಟ್ಟುಕೊಂಡು, ಬಿಲ್ಲಿಗೆ ತಕ್ಕ ಬಾಣವನ್ನು ಆರಿಸುವ ಈ ತಿಳಿವಳಿಕೆಯ ಚರಿತ್ರೆಯನ್ನು ಪದ, ಶಾಸ್ತ್ರ, ಪುರಾಣ ಹಾಗೂ ರಾಜಕೀಯ ಘಟನೆಗಳ ಆಧಾರದಿಂದ ಪುನರ್ರಚಿಸುವುದು ಇಲ್ಲಿಯ ಉದ್ದೇಶ.

ಸೀಮೆ ಮತ್ತು ಜನ

ಹಿಂದಿನ ಗುಲಬರ್ಗಾ ಜಿಲ್ಲೆಯಿಂದ ಬೇರ್ಪಟ್ಟು 2009ರಲ್ಲಿ ಯಾದಗಿರಿ ಜಿಲ್ಲೆ ರಚನೆಯಾಯಿತು. 2018ರಲ್ಲಿ ಗುರುಮಠಕಲ್, ಹುಣಸಗಿ, ವಡಗೇರಾಗಳು ಪ್ರತ್ಯೇಕ ತಾಲ್ಲೂಕುಗಳಾದವು. ಜಿಲ್ಲೆಯ ಪಶ್ಚಿಮಕ್ಕೆ ಕೃಷ್ಣೆಯ ಬಯಲು, ನಡುವೆ ಭೀಮೆ, ಪೂರ್ವಕ್ಕೆ ತೆಲಂಗಾಣದ ಅಂಚಿನಲ್ಲಿ ಗುರುಮಠಕಲ್‌ನ ಗುಡ್ಡ ಮತ್ತು ಕುರುಚಲು ಕಾಡು. ಹುಣಸಗಿ–ಬೈಚಬಾಳ ಕಣಿವೆಯಲ್ಲಿ ಹಳೆಯ ಶಿಲಾಯುಗದ ಕೈಗೊಡಲಿಗಳು ಹೇರಳವಾಗಿ ದೊರೆತಿವೆ. ಬೂದಿಹಾಳದಲ್ಲಿ ನವಶಿಲಾಯುಗದ ಬೂದಿದಿಬ್ಬದ ಉತ್ಖನನ ನಡೆದಿದೆ. ಲಕ್ಷಾಂತರ ವರ್ಷಗಳ ಹಿಂದಿನ ಕಲ್ಲಿನ ಉಪಕರಣವನ್ನು ಕಾಪಾಡಿಕೊಂಡ ಈ ನೆಲ ಎರಡು ನೂರು ವರ್ಷಗಳ ಹಿಂದಿನ ಬಾಣದ ಕೋಲನ್ನು ಕಾಪಾಡಿಕೊಳ್ಳಲಾರದು. ಆದುದರಿಂದ ಈ ವಿಷಯದಲ್ಲಿ ಚರಿತ್ರೆಕಾರನು ವಸ್ತುವಿನ ಆಚೆಗಿರುವ ಆಕರಗಳನ್ನು ಅರಸಬೇಕಾಗುತ್ತದೆ.

ಈ ಸೀಮೆಯ ರಾಜಕೀಯ ಚರಿತ್ರೆಯಲ್ಲಿ ಸುರಪುರದ ಬೇಡ ನಾಯಕರದು ಪ್ರಮುಖ ಸ್ಥಾನ. ಬೇಟೆಯೊಡನೆ ನಂಟುಳ್ಳ ‘ಬೇಡ’ ಎಂಬ ಹೆಸರಿನ ಜೊತೆಗೆ ನಾಯಕ, ತಳವಾರ, ವಾಲ್ಮೀಕಿ ಎಂಬ ಹೆಸರುಗಳೂ ಈ ಜನರಿಗೆ ಬಳಕೆಯಲ್ಲಿವೆ. ತೆಲುಗು ಪ್ರದೇಶದಲ್ಲಿ ಇವರು ಬೋಯರು. ಬೇಟೆ, ಕಾವಲು ಮತ್ತು ಕಾಲಾಳು ಸೇವೆ ಇವರ ಬದುಕಿನ ಮೂರು ನೆಲೆಗಳಾಗಿದ್ದವು. ಈ ಮೂರಕ್ಕೂ ಬೇಕಾದ ಸಾಮಾನ್ಯ ಗುಣ ಗುರಿ.

ಪದಗಳ ಸಾಕ್ಷ್ಯ

ಗುರುಮಠಕಲ್‌ನಂತಹ ಗಡಿಯ ಊರಿನಲ್ಲಿ ನಿಂತು ನೋಡಿದಾಗ ಬಿಲ್ಲುಗಾರಿಕೆಯ ಪದಗಳು ಎರಡು ಭಾಷೆಗಳಿಗೂ ಸೇರಿದವು ಎಂಬುದು ಸ್ಪಷ್ಟವಾಗುತ್ತದೆ. ಕನ್ನಡದ ಬಿಲ್ಲು ತೆಲುಗಿನಲ್ಲಿ ವಿಲ್ಲು; ಅಂಬು ಅಲ್ಲಿ ಅಮ್ಮು; ಕೋಲು ಅಲ್ಲಿ ಕೋಲ. ಇವು ದ್ರಾವಿಡ ಭಾಷೆಗಳ ಸಮಾನ ಸಂಪತ್ತು. ಇವುಗಳಲ್ಲಿ ‘ಕೋಲು’ ಎಂಬ ಪದ ವಿಶೇಷ ಗಮನಕ್ಕೆ ಅರ್ಹವಾಗಿದೆ. ಇಂದು ಊರುಗೋಲು, ಅಳತೆಗೋಲು, ಕೋಲಾಟಗಳಲ್ಲಿ ಉಳಿದಿರುವ ಈ ಪದಕ್ಕೆ ಹಳಗನ್ನಡದಲ್ಲಿ ಬಾಣವೆಂಬ ಅರ್ಥವೂ ಇತ್ತು. ‘ಸರಳು’ ಎಂಬುದಕ್ಕೂ ಬಾಣ ಮತ್ತು ಕಂಬಿ ಎಂಬ ಎರಡು ಅರ್ಥಗಳಿವೆ. ಸಂಸ್ಕೃತದ ‘ಶರ’ವೂ ಮೂಲತಃ ಒಂದು ಬಗೆಯ ಜೊಂಡುಹುಲ್ಲಿನ ಹೆಸರು. ಬಾಣದ ಗರಿಯಿರುವ ಹಿಂಬದಿಗೆ ‘ಹಿಳುಕು’ ಎಂಬ ಪ್ರತ್ಯೇಕ ಪದವೇ ಇದೆ.

ಈ ಪದಗಳು ಒಟ್ಟಾಗಿ ಸೂಚಿಸುವುದು ಇಷ್ಟು: ಭಾಷೆಯನ್ನು ಬಳಸಿದ ಜನರ ದೃಷ್ಟಿಯಲ್ಲಿ ಬಾಣವೆಂದರೆ ಮೊದಲಿಗೆ ಕೋಲು, ಅಲಗು, ಗರಿಗಳು ಅದಕ್ಕೆ ಸೇರಿದ ಅಂಗಗಳು. ವಸ್ತುಸಂಗ್ರಹಾಲಯಗಳ ವಿವರಣೆಯಲ್ಲಿ ಅಲಗಿಗೆ ದೊರೆಯುವ ಪ್ರಾಧಾನ್ಯ ಜನರ ಭಾಷೆಯಲ್ಲಿ ಅದಕ್ಕಿಲ್ಲ. ಇದು ಕೇವಲ ನಾಮಕರಣದ ಪ್ರಶ್ನೆಯಲ್ಲ. ಬಾಣವನ್ನು ಮಾಡುವವನ ಶ್ರಮದ ಬಹುಪಾಲು ಕೋಲಿನ ಆಯ್ಕೆಗೇ ಸಲ್ಲುತ್ತಿತ್ತು ಎಂಬುದನ್ನು ಮುಂದಿನ ವಿವೇಚನೆ ತೋರಿಸುತ್ತದೆ.

ಬಳುಕು ಏಕೆ ಬೇಕು?

ಸಾಂಪ್ರದಾಯಿಕ ಬಿಲ್ಲಿನ ನಡುವೆ ಬಾಣ ಹಾಯಲು ಕಿಂಡಿ ಇರುವುದಿಲ್ಲ. ಬಾಣವು ಹಿಡಿಕೆಯ ಒಂದು ಬದಿಗೆ ಒರಗಿರುತ್ತದೆ. ಹೆದೆಯಾದರೋ ಬಿಲ್ಲಿನ ನಡುಗೆರೆಯಲ್ಲಿ ಹಿಂದಕ್ಕೂ ಮುಂದಕ್ಕೂ ಚಲಿಸುತ್ತದೆ. ಹೀಗಾಗಿ ಹೆದೆ ಮುಂದೆ ಧಾವಿಸಿದಂತೆ ಬಾಣದ ಮೊನೆ ಗುರಿಯಿಂದ ಪಕ್ಕಕ್ಕೆ ಸರಿಯಬೇಕಾಗಿತ್ತು. ಆದರೂ ನುರಿತ ಬಿಲ್ಲುಗಾರನ ಬಾಣ ನೆಟ್ಟಗೆ ಹೋಗುತ್ತದೆ. ಪಾಶ್ಚಾತ್ಯ ಬಿಲ್ಲುಗಾರರು ಇದನ್ನು ‘ಬಿಲ್ಲುಗಾರನ ವಿರೋಧಾಭಾಸ’ ಎಂದು ಕರೆದರು. ಅಮೆರಿಕದಲ್ಲಿ ಕ್ಲಾರೆನ್ಸ್ ಹಿಕ್‌ಮನ್, ಪಾಲ್ ಕ್ಲಾಪ್‌ಸ್ಟೆಗ್ ಮೊದಲಾದವರು 20ನೆಯ ಶತಮಾನದ ಪೂರ್ವಾರ್ಧದಲ್ಲಿ ವೇಗದ ಛಾಯಾಗ್ರಹಣದ ನೆರವಿನಿಂದ ಇದರ ರಹಸ್ಯವನ್ನು ಬಯಲಿಗೆ ತಂದರು. ಹೆದೆ ಬಿಟ್ಟ ಕ್ಷಣದಲ್ಲಿ ಬಾಣವು ಹಾವಿನಂತೆ ಬಳುಕಿ, ಹಿಡಿಕೆಯನ್ನು ಸುತ್ತಿಕೊಂಡಂತೆ ದಾಟಿ, ಹಿಳುಕು ಹಿಡಿಕೆಗೆ ತಗಲದೆ ಮುಂದೆ ಸಾಗಿ, ಅನಂತರ ಕ್ರಮೇಣ ನೆಟ್ಟಗಾಗುತ್ತದೆ.

ಬಳುಕು ಹೆಚ್ಚಾದರೂ ದೋಷ, ಕಡಿಮೆಯಾದರೂ ದೋಷ. ಬಲಗೈಯಿಂದ ಹೆದೆ ಎಳೆಯುವವನ ಬಾಣ ಬಿಲ್ಲಿನ ಎಡಬದಿಗೆ ಒರಗಿದ್ದರೆ, ಅತಿ ಗಡಸಾದ ಕೋಲು ಗುರಿಯ ಎಡಕ್ಕೂ ಅತಿ ಮೆದುವಾದ ಕೋಲು ಬಲಕ್ಕೂ ಸರಿಯುತ್ತದೆ. ಬಿಲ್ಲಿನ ಎಳೆತ ಬಲವಾದಷ್ಟೂ ಗಡಸು ಕೋಲು ಬೇಕು. ಹಿಡಿಕೆ ಅಗಲವಾಗಿದ್ದರೆ ಅದನ್ನು ಬಳಸಿ ಹೋಗಲು ಹೆಚ್ಚು ಬಳುಕುವ ಕೋಲು ಬೇಕು. ಅಲಗಿನ ತೂಕ ಹೆಚ್ಚಿದರೆ ಅದೇ ಕೋಲು ಮೊದಲಿಗಿಂತ ಮೆದುವಾಗಿ ವರ್ತಿಸುತ್ತದೆ. ಆದುದರಿಂದ ಒಂದು ಬಾಣವನ್ನು ಪ್ರತ್ಯೇಕವಾಗಿ ಕೈಗೆತ್ತಿಕೊಂಡು ಇದು ಒಳ್ಳೆಯದು, ಇದು ಕೆಟ್ಟದ್ದು ಎಂದು ಹೇಳಲು ಬರುವುದಿಲ್ಲ. ಯಾವ ಬಿಲ್ಲಿಗೆ, ಯಾರ ತೋಳಿಗೆ, ಯಾವ ಅಲಗಿಗೆ ಎಂಬ ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆಯೇ ಬಾಣದ ಯೋಗ್ಯತೆ ತಿಳಿಯುತ್ತದೆ.

ಈ ಆಯ್ಕೆ ಎಷ್ಟು ನಾಜೂಕಾದುದು ಎಂಬುದಕ್ಕೆ ಒಂದು ಲೆಕ್ಕವನ್ನು ಗಮನಿಸಬಹುದು. ಒಂದೇ ಮರದ ದುಂಡನೆಯ ಗಟ್ಟಿ ಕೋಲಿನ ಗಡಸುತನವು ಅದರ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ. ಇಂದಿನ ಮರದ ಬಾಣಗಳಲ್ಲಿ ರೂಢಿಯಲ್ಲಿರುವ ಎರಡು ದಪ್ಪಗಳು 7.94 ಮಿ.ಮೀ. ಮತ್ತು 8.73 ಮಿ.ಮೀ. ಇವುಗಳ ಅಂತರ ಒಂದು ಮಿಲಿಮೀಟರಿಗಿಂತಲೂ ಕಡಿಮೆ, ಅಂದರೆ ಶೇ. 10ರಷ್ಟು. ಆದರೆ ಗಡಸುತನದಲ್ಲಿ ಉಂಟಾಗುವ ಅಂತರ ಸುಮಾರು ಶೇ. 46. ಉದ್ದದ ಪರಿಣಾಮವೂ ಕಡಿಮೆಯದಲ್ಲ. ಬಾಗುವಿಕೆ ಉದ್ದದ ಮೂರನೆಯ ಘಾತವನ್ನು ಅನುಸರಿಸುವುದರಿಂದ 80 ಸೆಂ.ಮೀ. ಕೋಲನ್ನು 75 ಸೆಂ.ಮೀ.ಗೆ ಮೊಟಕುಗೊಳಿಸಿದರೆ ಅದು ಸುಮಾರು ಶೇ. 21ರಷ್ಟು ಗಡಸಾಗುತ್ತದೆ. ಕಣ್ಣಿಗೆ ಒಂದೇ ತೆರನಾಗಿ ಕಾಣುವ ಎರಡು ಕೋಲುಗಳು ಬಿಲ್ಲಿಗೇರಿದಾಗ ಬೇರೆ ಬೇರೆ ದಿಕ್ಕು ಹಿಡಿಯುವುದಕ್ಕೆ ಇದೇ ಕಾರಣ. ಬಿದಿರು, ಜೊಂಡುಗಳ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ಅವು ಒಳಗೆ ಟೊಳ್ಳು. ಬುಡ ದಪ್ಪ, ತುದಿ ಸಣ್ಣ. ಗೆಣ್ಣಿನ ಬಳಿ ಒಂದು ಬಗೆ, ಗೆಣ್ಣುಗಳ ನಡುವೆ ಇನ್ನೊಂದು ಬಗೆ. ಗಟ್ಟಿಯಾದ ನಾರುಗಳೆಲ್ಲ ಹೊರಸಿಪ್ಪೆಯ ಕಡೆಗೆ ಒತ್ತಾಗಿರುವುದರಿಂದ ದಪ್ಪವನ್ನು ತಗ್ಗಿಸಲೆಂದು ಹೊರಗಡೆ ಹೆಚ್ಚು ಹೆರೆದರೆ ಕೋಲಿನ ಸತ್ವವೇ ಹೋಗುತ್ತದೆ. ಆದುದರಿಂದ ಬಿದಿರಿನ ಬಾಣದಲ್ಲಿ ಕೆತ್ತನೆಗಿಂತ ಆಯ್ಕೆ ಮುಖ್ಯ.

ಶಾಸ್ತ್ರಗ್ರಂಥಗಳಲ್ಲಿ ಕೋಲಿನ ಆಯ್ಕೆ

ಕೌಟಿಲ್ಯನ ಅರ್ಥಶಾಸ್ತ್ರದ ಆಯುಧಾಗಾರ ಪ್ರಕರಣದಲ್ಲಿ ತಾಳೆ, ಬಿದಿರು, ಮರ ಮತ್ತು ಕೊಂಬಿನ ಬಿಲ್ಲುಗಳ ಉಲ್ಲೇಖವಿದೆ. ಬಾಣಗಳಲ್ಲಿ ಬಿದಿರಿನ ವೇಣು, ಜೊಂಡಿನ ಶರ, ಮರದ ಶಲಾಕ, ಕಬ್ಬಿಣದ ನಾರಾಚ ಮುಂತಾದ ಭೇದಗಳನ್ನು ಹೇಳಿದೆ. ಇಲ್ಲಿ ವಸ್ತುಭೇದವಿದೆಯೇ ಹೊರತು ಆಯ್ಕೆಯ ಕ್ರಮವಿಲ್ಲ. ಆ ಕ್ರಮವನ್ನು ವಸಿಷ್ಠನ ಹೆಸರಿನಲ್ಲಿರುವ ಧನುರ್ವೇದ ಸಂಹಿತೆ ಹಾಗೂ 1363ರಲ್ಲಿ ಸಂಕಲಿತವಾದ ಶಾರ್ಙ್ಗಧರ ಪದ್ಧತಿಯ ಧನುರ್ವೇದ ಭಾಗಗಳಲ್ಲಿ ಕಾಣಬಹುದು. ಅವುಗಳ ವಿಧಿಯ ಸಾರಾಂಶ ಹೀಗಿದೆ: ಕೋಲು ಅತಿ ದಪ್ಪವೂ ಅತಿ ತೆಳುವೂ ಆಗಿರಬಾರದು, ಕೆಟ್ಟ ನೆಲದಲ್ಲಿ ಬೆಳೆದದ್ದು, ಗೆಣ್ಣು ಕೆಟ್ಟದ್ದು, ಸೀಳಿದ್ದು ಬೇಡ, ಚೆನ್ನಾಗಿ ಬಲಿತ, ಬಿಳಿಹಳದಿ ಬಣ್ಣಕ್ಕೆ ತಿರುಗಿದ, ಸಕಾಲದಲ್ಲಿ ಕಡಿದ, ಗಟ್ಟಿಯಾದ, ದುಂಡನೆಯ ಕೋಲು ಬೇಕು, ಉದ್ದ ಎರಡು ಮೊಳಕ್ಕೆ ಒಂದು ಮುಷ್ಟಿ ಕಡಿಮೆ, ದಪ್ಪ ಕಿರುಬೆರಳಿನಷ್ಟು.

ಇಲ್ಲಿ ಮೂರು ಅಂಶಗಳು ಗಮನಾರ್ಹವಾಗಿವೆ. ಮೊದಲನೆಯದು, ಅಳತೆಯೆಲ್ಲವೂ ದೇಹದಿಂದ ಬಂದದ್ದು. ಎತ್ತರದ ಬಿಲ್ಲುಗಾರನ ಮೊಳ ಉದ್ದ, ಅವನ ಎಳೆತವೂ ಉದ್ದ. ಅವನ ಬಾಣ ಉದ್ದವಾದಂತೆ ಮೆದುವಾಗಬೇಕಾಗಿತ್ತು, ಆದರೆ ಅವನ ಕಿರುಬೆರಳೂ ದಪ್ಪವಾಗಿರುವುದರಿಂದ ಆ ಕೊರತೆ ಬಹುಮಟ್ಟಿಗೆ ತುಂಬಿಬರುತ್ತದೆ. ಮೊಳ, ಮುಷ್ಟಿ, ಬೆರಳುಗಳ ಅಳತೆಯನ್ನು ಒರಟು ಅಳತೆಯೆಂದು ತಳ್ಳಿಹಾಕುವ ಮುನ್ನ, ಅದು ಬಾಣವನ್ನು ಆಳಿಗೆ ಹೊಂದಿಸುವ ಕ್ರಮವೂ ಆಗಿತ್ತೆಂಬುದನ್ನು ಗುರುತಿಸಬೇಕು.

ಎರಡನೆಯದು, ಬಾಣಗಳ ಲಿಂಗಭೇದ. ಮುಂಭಾಗ ದಪ್ಪವಾದುದು ಹೆಣ್ಣು, ಹಿಂಭಾಗ ದಪ್ಪವಾದುದು ಗಂಡು, ಉದ್ದಕ್ಕೂ ಸಮನಾದುದು ನಪುಂಸಕ ಎಂದು ಈ ಗ್ರಂಥಗಳು ವಿಂಗಡಿಸುತ್ತವೆ. ಹೆಣ್ಣು ಬಾಣ ದೂರ ಹೋಗುತ್ತದೆ, ಗಂಡು ಬಾಣ ಗಟ್ಟಿಯಾದುದನ್ನು ಭೇದಿಸುತ್ತದೆ, ಗುರಿಯ ಅಭ್ಯಾಸಕ್ಕೆ ಸಮನಾದುದು ಪ್ರಶಸ್ತ ಎಂಬುದು ಅವುಗಳ ಮತ. ಬುಡ ದಪ್ಪ, ತುದಿ ಸಣ್ಣವಾದ ಒಂದೇ ಜೊಂಡನ್ನು ಯಾವ ಕಡೆಗೆ ಅಲಗು ಕೂಡಿಸಿ ಬಳಸುತ್ತಾರೆ ಎಂಬುದರ ಮೇಲೆ ಅದರ ತೂಕದ ಹಂಚಿಕೆ ಮತ್ತು ಬಳುಕು ಎರಡೂ ಬದಲಾಗುತ್ತವೆ. ಈ ವರ್ಗೀಕರಣ ಕನ್ನಡ ಜನಪದರಿಗೆ ಅಪರಿಚಿತವಲ್ಲ. ಟೊಳ್ಳು ಕಡಿಮೆಯಿರುವ ಬಿದಿರಿಗೆ ಗಂಡುಬಿದಿರು ಎನ್ನುವ ವಾಡಿಕೆಯಲ್ಲಿ ಕೆಲಸ ಮಾಡಿರುವುದು ಇದೇ ಬಗೆಯ ಆಲೋಚನೆ.

ಮೂರನೆಯದು, ಬಾಣವನ್ನು ಬಿಲ್ಲಿನ ಜಾತಿಗೆ ಹೊಂದಿಸುವ ಕ್ರಮ. ಸಾಧಾರಣ ಬಾಣದ ಗರಿ 6 ಅಂಗುಲ. ಕೊಂಬಿನ ಶಾರ್ಙ್ಗ ಬಿಲ್ಲಿನ ಬಾಣಕ್ಕೆ 10 ಅಂಗುಲ. ನಾಲ್ಕು ಗರಿಗಳನ್ನು ನರದ ಎಳೆಗಳಿಂದ ಬಿಗಿಯಬೇಕು. ಶಾರ್ಙ್ಗವು ಆನೆ, ಕುದುರೆಗಳ ಸವಾರರಿಗೆ. ಬಿದಿರಿನ ಬಿಲ್ಲು ರಥಿಕರಿಗೆ ಮತ್ತು ಕಾಲಾಳುಗಳಿಗೆ ಎಂದೂ ಹೇಳಿದೆ. ಬೇಡರು ಪ್ರಧಾನವಾಗಿ ಕಾಲಾಳುಗಳಾಗಿದ್ದುದರಿಂದ ಅವರ ಬಿಲ್ಲುಗಾರಿಕೆಯನ್ನು ಈ ಎರಡನೆಯ ವರ್ಗದಲ್ಲಿಟ್ಟು ನೋಡುವುದು ಯುಕ್ತ. ಇದೇ ಭೂಭಾಗವನ್ನಾಳಿದ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ತನ್ನ ಮಾನಸೋಲ್ಲಾಸದಲ್ಲಿ ಶಸ್ತ್ರವಿನೋದ, ಮೃಗಯಾವಿನೋದಗಳನ್ನು ರಾಜಭೋಗದ ಭಾಗವಾಗಿ ವರ್ಣಿಸಿದ್ದಾನೆ. ಅರಮನೆಯ ಬೇಟೆಗೆ ಗ್ರಂಥದ ಆಸರೆ ದೊರೆಯಿತು. ಕಾಡಿನ ಬೇಟೆಗಾರನ ತಿಳಿವಳಿಕೆ ಕೈಯಿಂದ ಕೈಗೆ ಸಾಗಿತು. ಶಾಸ್ತ್ರಗ್ರಂಥಗಳ ‘ಬಲಿತ, ಸಕಾಲದಲ್ಲಿ ಕಡಿದ, ಒಳ್ಳೆಯ ನೆಲದ’ ಎಂಬ ವಿಧಿಗಳು ಕಾಡು ಬಲ್ಲವನ ಅನುಭವದಿಂದಲೇ ಬಂದಿರಬೇಕೆಂದು ಊಹಿಸಲು ಅವಕಾಶವಿದೆ.

ಏಕಲವ್ಯನ ಹೆಬ್ಬೆರಳು

ಬೇಟೆಗಾರ ಸಮುದಾಯಗಳ ಬಿಲ್ಲುಗಾರಿಕೆಯನ್ನು ಕುರಿತ ಪುರಾಣಗಳಲ್ಲಿ ಮುಖ್ಯವಾದುದು ನಿಷಾದರಾಜ ಹಿರಣ್ಯಧನುವಿನ ಮಗ ಏಕಲವ್ಯನ ಕಥೆ. ಇದನ್ನು ಗುರುಭಕ್ತಿಯ, ಜಾತಿಯ ಮತ್ತು ಅನ್ಯಾಯದ ಕಥೆಯಾಗಿ ಹಲವರು ವಿವೇಚಿಸಿದ್ದಾರೆ. ಬಾಣದ ಬಳುಕಿನ ಹಿನ್ನೆಲೆಯಲ್ಲಿ ಇದಕ್ಕೆ ಮತ್ತೊಂದು ಆಯಾಮವಿದೆ.

ಹೆಬ್ಬೆರಳಿನಿಂದ ಹೆದೆ ಎಳೆಯುವ ಕ್ರಮದಲ್ಲಿ ಬಾಣವು ಸಾಮಾನ್ಯವಾಗಿ ಬಿಲ್ಲಿನ ಬಲಬದಿಗೆ ಒರಗುತ್ತದೆ. ಉಳಿದ ಬೆರಳುಗಳಿಂದ ಎಳೆಯುವ ಕ್ರಮದಲ್ಲಿ ಎಡಬದಿಗೆ. ಬದಿ ಬದಲಾದಂತೆ ಗಡಸು ಕೋಲು, ಮೆದು ಕೋಲುಗಳು ಸರಿಯುವ ದಿಕ್ಕೂ ತಿರುವುಮುರುವಾಗುತ್ತದೆ. ಧನುರ್ವೇದ ಸಂಹಿತೆ ಹೆದೆ ಹಿಡಿಯುವ ಪತಾಕಾ, ವಜ್ರಮುಷ್ಟಿ, ಸಿಂಹಕರ್ಣ, ಮತ್ಸರೀ, ಕಾಕತುಂಡೀ ಎಂಬ ಐದು ಮುಷ್ಟಿಗಳನ್ನು ಹೇಳುತ್ತದೆ. ದಕ್ಖನ್ ಸುಲ್ತಾನರ ಮತ್ತು ಮೊಗಲರ ಕಾಲದ ಹೆಬ್ಬೆರಳುಂಗುರಗಳು ಹೆಬ್ಬೆರಳ ಎಳೆತದ ವ್ಯಾಪಕ ಬಳಕೆಗೆ ಸಾಕ್ಷಿಯಾಗಿವೆ. ಬೆರಳು ಕಳೆದುಕೊಂಡ ಏಕಲವ್ಯ ಉಳಿದ ಬೆರಳುಗಳಿಂದ ಬಾಣ ಬಿಟ್ಟನೆಂದೂ ಮೊದಲಿನ ವೇಗ ಅವನಿಗೆ ಉಳಿಯಲಿಲ್ಲವೆಂದೂ ಮಹಾಭಾರತದ ಆದಿಪರ್ವ ಹೇಳುತ್ತದೆ. ಎಳೆತದ ಕ್ರಮ ಬದಲಾದಾಗ ಆತನ ಬತ್ತಳಿಕೆಯಲ್ಲಿದ್ದ ಬಾಣಗಳು ಅದೇ ಬಿಲ್ಲಿಗೆ ಮೊದಲಿನಂತೆ ಒಪ್ಪುತ್ತಿರಲಿಲ್ಲ. ಕೋಲನ್ನು ಆರಿಸುವ ಅಭ್ಯಾಸವನ್ನೇ ಆತ ಹೊಸದಾಗಿ ರೂಢಿಸಿಕೊಳ್ಳಬೇಕಾಗಿತ್ತು. ಮಧ್ಯ ಭಾರತದ ಭಿಲ್ಲರು ಏಕಲವ್ಯನ ನೆನಪಿಗಾಗಿ ಹೆಬ್ಬೆರಳನ್ನು ಬಳಸದೆ ಬಾಣ ಬಿಡುತ್ತಾರೆಂಬ ನಂಬಿಕೆ ಪ್ರಚಲಿತವಾಗಿದೆ. ಈ ನಂಬಿಕೆಯ ಚಾರಿತ್ರಿಕತೆ ಏನೇ ಇರಲಿ, ಎಳೆತದ ಕ್ರಮದಲ್ಲಿದ್ದ ಭೇದವನ್ನು ಜನರು ಗುರುತಿಸಿದ್ದರು, ಅದನ್ನು ಒಂದು ಕಥೆಗೆ ಕಟ್ಟಿ ಉಳಿಸಿಕೊಂಡಿದ್ದರು ಎಂಬುದು ಮುಖ್ಯ.

ಬಿಲ್ಲಿನಿಂದ ಬಂದೂಕಿಗೆ

1705ರ ಫೆಬ್ರವರಿಯಲ್ಲಿ ಔರಂಗಜೇಬನು ಸುರಪುರದ ಸಮೀಪದ ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಿದನು. ಅದು ಅವನು ಸ್ವತಃ ನಡೆಸಿದ ಕೊನೆಯ ಮುತ್ತಿಗೆ. ಏಪ್ರಿಲ್ ಕೊನೆಯವರೆಗೆ ಕೋಟೆ ಬಗ್ಗಲಿಲ್ಲ. ಬಿದ್ದಾಗಲೂ ನಾಯಕ ಕೈಗೆ ಸಿಕ್ಕಲಿಲ್ಲ. ಈ ಕಾಲಕ್ಕೆ ಬೇಡರು ದಕ್ಖನ್ನಿನಲ್ಲಿ ಹೆಸರಾಗಿದ್ದುದು ಬಂದೂಕಿನ ಗುರಿಗಾರರಾಗಿ. ಬಿಲ್ಲು ಹಿಡಿದ ಕೈಗಳು ಬತ್ತಿಬಂದೂಕನ್ನು ಇಷ್ಟು ಸಮರ್ಥವಾಗಿ ಒಲಿಸಿಕೊಂಡದ್ದಕ್ಕೆ ಬೇಟೆಯಲ್ಲಿ ಪಳಗಿದ ಕಣ್ಣು, ದೂರದ ಅಂದಾಜು, ತಾಳ್ಮೆಗಳು ಕಾರಣವೆನ್ನಬಹುದು.

ಆದರೆ ಈ ಪಲ್ಲಟದಲ್ಲಿ ಒಂದು ಮುಖ್ಯ ಬದಲಾವಣೆ ಅಡಗಿದೆ. ಬಂದೂಕಿನಲ್ಲಿ ಹೊಂದಿಕೆಯ ಪ್ರಶ್ನೆ ನಳಿಗೆಗೂ ಗುಂಡಿಗೂ ಮದ್ದಿನ ಅಳತೆಗೂ ಸಂಬಂಧಿಸಿದ್ದು. ನಳಿಗೆ ಕಮ್ಮಾರನದು, ಮದ್ದಿಗೆ ಪೆಟ್ಲುಪ್ಪು, ಗಂಧಕ ಬೇಕು, ಗುಂಡಿಗೆ ಸೀಸ ಬೇಕು. ಇವೆಲ್ಲ ಸಂತೆಯಿಂದ ಅಥವಾ ಸಂಸ್ಥಾನದಿಂದ ಬರಬೇಕು. ಬಾಣವನ್ನಾದರೋ ಬಿಲ್ಲುಗಾರನು ತನ್ನ ಊರಿನ ಹಳ್ಳದ ದಂಡೆಯಲ್ಲೇ ಆರಿಸಿಕೊಳ್ಳಬಲ್ಲವನಾಗಿದ್ದನು. ಗುರಿಯ ಮೇಲಿನ ಒಡೆತನ ಕುಶಲಿಯ ಕೈಯಿಂದ ಸ್ವಲ್ಪಮಟ್ಟಿಗೆ ಜಾರಿದ್ದು ಇಲ್ಲಿ. ಇದರ ಫಲ ಒಂದೂವರೆ ಶತಮಾನದ ಅನಂತರ ಗೋಚರಿಸಿತು. 1857ರಲ್ಲಿ ಬ್ರಿಟಿಷರು ಆಯುಧಗಳನ್ನು ಒಪ್ಪಿಸಬೇಕೆಂಬ ಕಾನೂನನ್ನು ಜಾರಿಗೆ ತಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ನವೆಂಬರಿನಲ್ಲಿ ಸಿಡಿದೆದ್ದರು. ಆ ಬಂಡಾಯದ ಲಾವಣಿಯನ್ನು ಜೆ.ಎಫ್. ಫ್ಲೀಟ್ ಸಂಗ್ರಹಿಸಿ ಪ್ರಕಟಿಸಿದ್ದರಿಂದ ಅದು ವಿದ್ವತ್‌ಲೋಕಕ್ಕೆ ಪರಿಚಿತವಾಯಿತು. ಸುರಪುರದಲ್ಲಿ 1858ರ ಫೆಬ್ರವರಿಯಲ್ಲಿ ಯುದ್ಧ ನಡೆಯಿತು. ರಾಜಾ ವೆಂಕಟಪ್ಪ ನಾಯಕ ಸೆರೆಯಾಗಿ ಅದೇ ವರ್ಷ ಗುಂಡೇಟಿನಿಂದ ಮಡಿದನು; 1860ರಲ್ಲಿ ಸಂಸ್ಥಾನ ನಿಜಾಮನ ವಶಕ್ಕೆ ಹೋಯಿತು. 1841ರಿಂದ 1853ರವರೆಗೆ ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್‌ನ ಆತ್ಮಕಥೆ ಈ ದುರಂತಕ್ಕೆ ಮುಖ್ಯ ಆಕರ.

ಆಯುಧದ ಒಪ್ಪಿಸುವಿಕೆಯ ಈ ಕಥನದಲ್ಲಿ ಎಣಿಕೆಗೆ ಸಿಕ್ಕುವುದು ಬಂದೂಕು, ಕತ್ತಿ, ಈಟಿಗಳು. ಕೋಲನ್ನು ಆರಿಸುವ ತಿಳಿವಳಿಕೆಯನ್ನು ಯಾವ ಕಾನೂನೂ ಜಪ್ತಿ ಮಾಡಲಿಲ್ಲ. ಅದು ಬಳಕೆಯಿಲ್ಲದೆ ಮೆಲ್ಲಗೆ ಸವೆಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತರುವಾಯ ಬೇಟೆಯ ಸಂದರ್ಭವೂ ಕೊನೆಗೊಂಡಿತು. ವನ್ಯಜೀವಿಗಳ ಉಳಿವಿಗೆ ಈ ಕಾಯ್ದೆ ಅಗತ್ಯವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬೇಟೆಯ ಜೊತೆಗೆ ಮರೆಯಾದ ಕುಶಲತೆಯನ್ನು ದಾಖಲಿಸುವ ಹೊಣೆ ಜಾನಪದ ವಿದ್ವಾಂಸರ ಮೇಲೆ ಉಳಿಯಿತು.

ಆಚರಣೆಯ ಬಾಣ ಮತ್ತು ದಾಖಲಾತಿಯ ಪ್ರಶ್ನೆ

ವಿಜಯದಶಮಿಯಂದು ಅಂಬು ಹೊಡೆಯುವ ಆಚರಣೆ ಕರ್ನಾಟಕದ ಹಲವು ಊರುಗಳಲ್ಲಿ ಇಂದಿಗೂ ನಡೆದುಬಂದಿದೆ. ಬಿಲ್ಲು ಬಾಣಗಳ ರೂಪವನ್ನು ಉಳಿಸಿಕೊಟ್ಟ ಶ್ರೇಯಸ್ಸು ಇಂತಹ ಆಚರಣೆಗಳಿಗೆ ಸಲ್ಲಬೇಕು. ಆದರೆ ಆಚರಣೆಯಲ್ಲಿ ಬಾಣ ನಿಗದಿತ ದಿಕ್ಕಿಗೆ ಹೊರಟರೆ ಸಾಕು, ಮಿಗಕ್ಕೆ ತಾಗಬೇಕಾಗಿಲ್ಲ. ಬಳುಕಿನ ಪರೀಕ್ಷೆಗೆ ಅಲ್ಲಿ ಅವಕಾಶವೇ ಇಲ್ಲ. ಆದುದರಿಂದ ಆಚರಣೆಯ ಬಾಣವನ್ನು ಅಳೆದು ಬೇಟೆಯ ಬಾಣದ ಬಗೆಗೆ ತೀರ್ಮಾನಕ್ಕೆ ಬರುವುದು ಸರಿಯಾಗಲಾರದು.

ಸಂಗ್ರಹಗಳಲ್ಲಿ ಬಾಣವನ್ನು ಉದ್ದ ಮತ್ತು ಅಲಗಿನ ಆಕಾರದಿಂದ ಮಾತ್ರ ನಮೂದಿಸುವುದು, ಬಿಲ್ಲನ್ನು ಒಂದು ಕಡೆ, ಬಾಣವನ್ನು ಇನ್ನೊಂದು ಕಡೆ ಇಡುವುದು ತಿಳಿವಳಿಕೆಯ ದೃಷ್ಟಿಯಿಂದ ನಷ್ಟ. ಒಮ್ಮೆ ಅಗಲಿದ ಬಿಲ್ಲು ಬಾಣಗಳನ್ನು ಮತ್ತೆ ಹೊಂದಿಸಿ ಓದುವುದು ಕಷ್ಟ. ಬಾಣದ ಉದ್ದದೊಡನೆ ಬುಡ, ನಡು, ತುದಿಗಳಲ್ಲಿ ವ್ಯಾಸ, ಒಟ್ಟು ತೂಕ, ಸಮತೋಲದ ಬಿಂದು, ಗೆಣ್ಣುಗಳ ಸಂಖ್ಯೆ ಮತ್ತು ಸ್ಥಾನ, ಅಲಗು ಬುಡದ ಕಡೆಗಿದೆಯೇ ತುದಿಯ ಕಡೆಗಿದೆಯೇ ಎಂಬುದು ದಾಖಲಾಗಬೇಕು. ಬಳುಕನ್ನು ಅಳೆಯಲು ಮರದ ಬಾಣಗಳಿಗೆ ಸರಳವಾದ ಕ್ರಮವೊಂದು ರೂಢಿಯಲ್ಲಿದೆ. 26 ಅಂಗುಲ, ಅಂದರೆ ಸುಮಾರು 66 ಸೆಂ.ಮೀ. ಅಂತರದ ಎರಡು ಆಧಾರಗಳ ಮೇಲೆ ಕೋಲನ್ನಿಟ್ಟು ನಡುವೆ 2 ಪೌಂಡ್, ಅಂದರೆ ಸುಮಾರು 907 ಗ್ರಾಂ ತೂಕವನ್ನು ತೂಗಬಿಟ್ಟು, ಕೋಲು ಎಷ್ಟು ಅಂಗುಲ ಜಗ್ಗಿತೆಂದು ನೋಡುತ್ತಾರೆ. 26ನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಆ ಕೋಲು ಎಷ್ಟು ಪೌಂಡ್ ಎಳೆತದ ಬಿಲ್ಲಿಗೆ ತಕ್ಕುದೆಂಬ ಅಂದಾಜು ದೊರೆಯುತ್ತದೆ. ಅರ್ಧ ಅಂಗುಲ ಜಗ್ಗಿದರೆ 52 ಪೌಂಡ್. ಹಳೆಯ, ಒಣಗಿ ಪೆಡಸಾದ ಬಾಣಗಳಿಗೆ ಈ ಪರೀಕ್ಷೆ ಸಲ್ಲದು. ಹೊಸದಾಗಿ ಮಾಡಿಸಿದವುಗಳಿಗೆ ಮಾತ್ರ ಇದನ್ನು ಅನ್ವಯಿಸಬೇಕು. ಜೊತೆಗೆ ಬಿಲ್ಲಿನ ಎಳೆತ, ಹಿಡಿಕೆಯ ಅಗಲ, ಬಾಣ ಒರಗುವ ಬದಿ, ಹೆದೆ ಹಿಡಿಯುವ ಬೆರಳುಗಳನ್ನು ನಮೂದಿಸುವುದು ಅವಶ್ಯಕ. ಎಲ್ಲಕ್ಕಿಂತ ಮಿಗಿಲಾಗಿ, ಕೋಲನ್ನು ಬೆರಳುಗಳ ನಡುವೆ ಬಾಗಿಸಿ ನೋಡಿ ಒಂದನ್ನು ಬದಿಗಿಟ್ಟು ಇನ್ನೊಂದನ್ನು ಆರಿಸಿಕೊಳ್ಳುವ ಹಿರಿಯರು ಎಲ್ಲಿಯಾದರೂ ಇದ್ದರೆ, ಅವರು ಬಳಸುವ ಪದಗಳನ್ನು ಅವರ ಉಚ್ಚಾರದಲ್ಲೇ ಬರೆದುಕೊಳ್ಳಬೇಕು. ಗುರುಮಠಕಲ್ ಭಾಗದಲ್ಲಿ ಈ ಕೆಲಸವನ್ನು ಕನ್ನಡ, ತೆಲುಗು ಎರಡರಲ್ಲೂ ಮಾಡುವುದು ಅಗತ್ಯ.

ಸಮಾರೋಪ

ಬೇಡರ ಚರಿತ್ರೆಯನ್ನು ಶೌರ್ಯದ ಚರಿತ್ರೆಯಾಗಿ ಬರೆಯುವುದು ರೂಢಿ. ವಾಗಣಗೇರಾ, ಹಲಗಲಿ, ಸುರಪುರಗಳ ಘಟನೆಗಳು ಅದನ್ನು ಸಮರ್ಥಿಸುತ್ತವೆ ಕೂಡ. ಆದರೆ ಶೌರ್ಯವನ್ನೇ ಮುಂದುಮಾಡುವ ಬರವಣಿಗೆ ಆ ಜನರ ಜ್ಞಾನವನ್ನು ಹಿಂದಕ್ಕೆ ತಳ್ಳುವ ಅಪಾಯವೂ ಇದೆ. ಒಂದು ಮಿಲಿಮೀಟರಿಗೂ ಕಡಿಮೆಯ ಅಂತರವನ್ನು ಬೆರಳ ತುದಿಯಲ್ಲಿ ಗುರುತಿಸಿ, ಕಾಡಿನ ನೂರು ಕೋಲುಗಳಲ್ಲಿ ತನ್ನ ಬಿಲ್ಲಿಗೆ ಒಪ್ಪುವ ಕೆಲವನ್ನು ಮಾತ್ರ ಕಡಿದು ತರುವುದು ಧೈರ್ಯದ ಕೆಲಸವಲ್ಲ, ವಿವೇಚನೆಯ ಕೆಲಸ. ಆ ವಿವೇಚನೆಗೆ ಶಾಸನವಿಲ್ಲ, ವೀರಗಲ್ಲಿಲ್ಲ. ವೀರಗಲ್ಲಿನ ಮೇಲಿನ ಬಾಣ ನೆಟ್ಟಗಿರುತ್ತದೆ. ಬಿಲ್ಲಿನಿಂದ ಹೊರಟ ಬಾಣ ಮೊದಲು ಬಳುಕಿ ಅನಂತರ ನೆಟ್ಟಗಾಗುತ್ತದೆ. ಈ ಎರಡರ ನಡುವಿನ ಅಂತರವನ್ನು ಬಲ್ಲವರು ಕಡಿಮೆಯಾಗುತ್ತಿರುವಾಗ, ಉಳಿದ ಬಿಲ್ಲು ಬಾಣಗಳನ್ನು ಜೋಡಿಯಾಗಿ ಅಳೆದು, ಜೋಡಿಯಾಗಿ ಇರಿಸಿ, ಅವುಗಳ ಪದಗಳೊಡನೆ ದಾಖಲಿಸುವುದು ಸುರಪುರ ಸೀಮೆಯ ಜಾನಪದ ಅಧ್ಯಯನದ ಮುಂದಿರುವ ತುರ್ತು ಕೆಲಸವಾಗಿದೆ.